ಬೀಗರೂಟದ ಬಿಳಿಮೀನು

ನನಗೆ ಕೋಪ ಮೂಗಿನ ತುದಿಯಲ್ಲೇ. ಊರಿನ ಹಾಲಿನ ಡೈರಿಯಲ್ಲಿ ಸೆಕ್ರೆಟರಿಯಾಗಿದ್ದವನು ನಾನು. ಬೆಳಗಾದರೆ ಕ್ಯಾನಿನ ಮುಂದೆ ನಿಂತು, ಹಾಲಿಗೆ ನೀರು ಬೆರೆಸಿ ತಂದವರ ಮೇಲೆ ಕೂಗಾಡುವುದೇ ಕೆಲಸ. ಹಾಗೆ ಕೂಗಾಡಿ ಕೂಗಾಡಿ, ಬಾಯಿ ಮುಚ್ಚಿಕೊಂಡು ಕೂರಬೇಕಾದ ಕಡೆಯೂ ಬಾಯಿ ಬಿಡುವ ಅಭ್ಯಾಸ ಹತ್ತಿಬಿಟ್ಟಿತ್ತು. ತಂಗಿಯ ಮದುವೆ ಮಾತುಕತೆಯ ದಿನ ಆದದ್ದೂ ಅದೇ.

ನಮ್ಮದು ನಂಜನಗೂಡಿನಿಂದ ಕೆಳಗೆ, ಬಿಳಿಗೆರೆ ಕಡೆಯ ಹೊಳೆದಂಡೆಯ ಊರು. ಗಂಡಿನವರದೂ ಅದೇ ಕಪಿಲಾ ಹೊಳೆಯ ದಂಡೆ, ಆದರೆ ಇನ್ನೂ ಕೆಳಗೆ, ಹೊಳೆ ಕಾವೇರಿಗೆ ಸೇರುವ ನರಸೀಪುರಕ್ಕೆ ಸ್ವಲ್ಪ ಮೇಲೆ. ಅಪ್ಪ ತೀರಿಕೊಂಡಿದ್ದರಿಂದ ಮನೆಯ ಯಜಮಾನಿಕೆ ನನ್ನ ತಲೆಯ ಮೇಲಿತ್ತು. ಎರಡು ಸಾವಿರದ ಇಸವಿ ಕಳೆದ ಮೇಲೆ ಮಳೆ ಕೈಕೊಟ್ಟ ವರ್ಷಗಳು ಬಂದವಲ್ಲ, ಅದರಲ್ಲೊಂದು ಬೇಸಿಗೆ. ಮೇಲೆ ಅಣೆಕಟ್ಟೆಯ ಬಾಗಿಲು ಹಾಕಿದ್ದರು. ಹೊಳೆ ಅನ್ನುವುದು ಬಂಡೆಗಳ ನಡುವೆ ಅಲ್ಲೊಂದು ಇಲ್ಲೊಂದು ಮಡುವಾಗಿ, ಮಡುವಿಂದ ಮಡುವಿಗೆ ಮೊಣಕಾಲುದ್ದ, ಕೆಲವು ಕಡೆ ಬರೀ ಪಾದ ಮುಳುಗುವಷ್ಟು ಹರಿವಾಗಿ ಉಳಿದಿತ್ತು.

ನಮ್ಮ ಕಡೆ ಮದುವೆಯ ದಿನ ಪಾಯಸದ ಊಟ. ಒಂದೆರಡು ದಿನ ಬಿಟ್ಟು ಬಾಡಿನ ಊಟ, ಅದೇ ಬೀಗರೂಟ. ಮದುವೆ ಹೇಗಾಯಿತು ಅಂತ ಯಾರೂ ಕೇಳುವುದಿಲ್ಲ, ಬೀಗರೂಟ ಹೇಗಾಯಿತು ಅಂತಲೇ ಕೇಳುವುದು. ಅದನ್ನು ಗಂಡಿನ ಮನೆಯಲ್ಲಿ ಮಾಡುವುದೆಂದು ಮಾತಾಯಿತು. ಎಲೆಯಡಿಕೆ ಹಾಕಿಕೊಂಡು ಕುಳಿತಿದ್ದಾಗ ಬೀಗರು, ಅಂದರೆ ತಂಗಿಗೆ ಮಾವನಾಗುವವರು, ಮೀಸೆಯ ಮೇಲೆ ಕೈಯಾಡಿಸುತ್ತಾ ಹೇಳಿದರು.

"ನಮ್ಮಪ್ಪನ ಕಾಲ್ದಲ್ಲಿ ನಿಮ್ ಕಡೆಯಿಂದ ಹರಿಗೋಲ್ನಾಗೆ ಬಿಳಿಮೀನು ಬತ್ತಿತ್ತು ನಮ್ಮೂರ್ಗೆ. ಈಗ ಎಲ್ಲೈತೆ ಬುಡಿ. ನಿಮ್ ಹೊಳೇಲಿ ಎಮ್ಮೆ ಮೈ ತೊಳೆಯೋಕೂ ನೀರಿಲ್ಲ."

ಎಲ್ಲರೂ ನಕ್ಕರು. ನಗಲಿ, ತಪ್ಪೇನು? ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನನಗೆ ಉರಿದುಹೋಯಿತು. ನಮ್ಮ ಹೊಳೆಯನ್ನು ನಾವು ಬೇಕಾದರೆ ಬೈದುಕೊಳ್ಳುತ್ತೇವೆ, ಕೆಳಗಿನವರು ಬೈಯುವುದೇನು?

"ಬೀಗ್ರೇ, ಬೀಗರೂಟದ ದಿನ ಬಿಳಿಮೀನು ಉಸುರಾಡ್ತಾ ನಿಮ್ ದಡಕ್ಕೆ ಬತ್ತದೆ. ಹರಿಗೋಲ್ನಲ್ಲೇ ತತ್ತೀನಿ."

"ತರದೇ ಓದ್ರೆ?"

"ತರದೇ ಓದ್ರೆ ನಿಮ್ ಸೊಸೇನೇ ಕೇಳಿ, ನಿಮ್ಮಣ್ಣ ಎಂಥವ್ನು ಅಂತ."

ದೊಡ್ಡ ಮಾತು ಹೇಳಿದೆನೆಂದು ಮೀಸೆ ತಿರುವಿಕೊಂಡೆ. ಬಾಗಿಲ ಸಂದಿಯಲ್ಲಿ ನಿಂತಿದ್ದ ತಂಗಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವರೆಲ್ಲ ಹೊರಟ ಮೇಲೆ ತಟ್ಟೆ ಎತ್ತಲು ಬಂದು ನನ್ನ ಮುಂದೆ ನಿಂತಳು.

"ಅಣ್ಣ, ನೀನು ಮಾತು ಬುಟ್ಟು ಇಲ್ಲೇ ಇರ್ತೀಯ. ಆ ಮನೇಲಿ ಇರೋಳು ನಾನು. ನಾಳೆ ಸಾರಿಗೆ ಉಪ್ಪು ಕಮ್ಮಿಯಾದ್ರೂ ಮೀನಿನ ಮಾತೇ ತೆಗೀತಾರೆ. ಸಾಯೋಗಂಟ ತೆಗೀತಾರೆ. ನೀನು ತಂದೇ ತರ್ಬೇಕು."

ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಿ ಕಳಿಸುತ್ತಿದ್ದೆ. ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನನಗೆ ಅವತ್ತು ಊಟ ಸೇರಲಿಲ್ಲ.

ಬಿಳಿಮೀನು ಅಂದರೆ ಸುಮ್ಮನೆ ಬಲೆಗೆ ಬೀಳುವ ಮೀನಲ್ಲ. ಹಳೆಯ ಬೆಳ್ಳಿ ರೂಪಾಯಿಯಗಲದ ಪೊರೆ, ದಪ್ಪ ತುಟಿ, ಎಳೆದರೆ ಹರಿಗೋಲನ್ನೇ ಬುಗುರಿಯಂತೆ ತಿರುಗಿಸುವ ಬಲ. ನೀರು ಕಡಿಮೆಯಾದಾಗ ಇನ್ನೂ ಕಷ್ಟ. ತಿಳಿನೀರಿನಲ್ಲಿ ದಡದ ಮೇಲೆ ಕೈಯಾಡಿದರೂ ಅದಕ್ಕೆ ಕಾಣುತ್ತದೆ. ಇದನ್ನು ಹಿಡಿಯಬೇಕಾದರೆ ನನ್ನ ಜೊತೆಗಾರ ಬೇಕೇ ಬೇಕು.

ಜೊತೆಗಾರ ಅಂದರೆ ಊರಿನಲ್ಲಿ ಹಿಟ್ಟಿನ ಮಿಷನ್ನು ಇಟ್ಟುಕೊಂಡಿದ್ದವನು. ಲಿಂಗಾಯಿತರ ಹುಡುಗ, ನನ್ನ ಓರಗೆಯವನು, ಸ್ಕೂಲಿನಲ್ಲಿ ಒಂದೇ ಬೆಂಚು. ನಾನು ಅವನನ್ನು ಸಾವ್ಕಾರ ಅನ್ನುತ್ತಿದ್ದೆ, ಅವನು ನನ್ನನ್ನು ಗೌಡ ಅನ್ನುತ್ತಿದ್ದ. ಅವನ ಮನೆಯಲ್ಲಿ ಮೊಟ್ಟೆಯ ಹೆಸರೆತ್ತಿದರೂ ಬಾಯಿ ತೊಳೆಯಬೇಕು. ಇವನಿಗೋ ಗಾಳದ ಹುಚ್ಚು! ತೊಂಬತ್ತರ ದಶಕ ಶುರುವಾದಾಗಿನಿಂದ ಭಾನುವಾರ ಬಂದರೆ ಇಬ್ಬರೂ ಹೊಳೆಯಲ್ಲಿ. ನಮ್ಮಿಬ್ಬರದು ಒಂದು ಕರಾರಿತ್ತು. ಗಾಳ ಅವನದು, ಮೀನು ನನ್ನದು. ರಾಗಿಹಿಟ್ಟು ಬೇಯಿಸಿ, ನಾದಿ, ನಿಂಬೆಗಾತ್ರದ ಉಂಡೆ ಕಟ್ಟಿ, ಎಸೆದು, ಮೀನನ್ನು ಆಡಿಸಿ ಸುಸ್ತು ಮಾಡಿ ದಡಕ್ಕೆ ತರುವವರೆಗೆ ಅವನ ಪಾರುಪತ್ಯ. ಮೀನು ದಡ ಮುಟ್ಟಿದ ಕೂಡಲೇ ಕೋಲು ನನ್ನ ಕೈಗೆ ಕೊಟ್ಟು ನಾಲ್ಕು ಮಾರು ದೂರ ಸರಿಯುತ್ತಿದ್ದ.

"ಬಾರಯ್ಯ, ಬಿಡಿಸು" ಅನ್ನುತ್ತಿದ್ದ, ಮುಖ ಅತ್ತ ತಿರುಗಿಸಿ.

ಅಷ್ಟು ವರ್ಷದಲ್ಲಿ ಒಂದು ಮೀನನ್ನೂ ಅವನು ಬೆರಳಿನಿಂದ ಮುಟ್ಟಿದವನಲ್ಲ. ಸಂಜೆ ಪಂಪುಮನೆಯಲ್ಲಿ ಸೋಪು ಹಾಕಿ ತಿಕ್ಕಿ ತಿಕ್ಕಿ ಕೈಕಾಲು ತೊಳೆದು, ಬಟ್ಟೆ ಬದಲಾಯಿಸಿ, ಹಣೆಗೆ ವಿಭೂತಿ ಬಳಿದುಕೊಂಡು ಮನೆಗೆ ಹೋಗುತ್ತಿದ್ದ. "ಮಠಕ್ಕೆ ಓಗಿದ್ರಾ ಸ್ವಾಮ್ಗಳೇ?" ಅಂತ ನಾನು ರೇಗಿಸುತ್ತಿದ್ದೆ. "ಹೊಳೆ ಕಡೆ ಹೋಗಿದ್ದೆ ಅಂತೀನಿ, ಸುಳ್ಳೇನಲ್ವಲ್ಲ" ಅನ್ನುತ್ತಿದ್ದ.

ಅವನಿಗೆ ಸಂಗತಿ ಹೇಳಿದೆ. ಮಿಷನ್ನಿನ ಬೆಲ್ಟು ನಿಲ್ಲಿಸಿ, ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಂಡು ಕೇಳಿದ.

"ನಿನಗೆ ಬುದ್ಧಿ ಇದೆಯೇನಯ್ಯ? ನಿನ್ನ ಮೀಸೆಗೆ ಅವಳನ್ನ ಯಾಕೆ ಜಾಮೀನು ಇಟ್ಟೆ?"

"ಆಗೋಯ್ತು ಕಣೋ. ಈಗೇನ್ ಮಾಡಾಣ?"

"ಮಾಡೋದೇನು? ಹಿಡಿಯೋದು."

ಅಷ್ಟೇ. ಆಮೇಲೆ ಬೈಯಲಿಲ್ಲ. ಅವನ ಗುಣವೇ ಅದು, ಒಂದು ಸಲ ಹಿಡಿದರೆ ಬಿಡುವವನಲ್ಲ.

ನಮ್ಮೂರಿನಿಂದ ಕೆಳಗೆ ಹದಿನಾರಿನ ಕಡೆಯ ದಡದಲ್ಲಿ ಒಂದು ಮಡುವಿತ್ತು. ಎಂಥ ಬೇಸಿಗೆಯಲ್ಲೂ ಒಣಗದ ಮಡು. ಹೊಳೆ ಬತ್ತಿದಷ್ಟೂ ಮೀನುಗಳೆಲ್ಲ ಅಲ್ಲಿಗೇ ಬಂದು ಸೇರುತ್ತಿದ್ದವು. ಮದುವೆಗೆ ಮುಂಚೆಯೇ ದಿನಾ ಸಂಜೆ ಅಲ್ಲಿಗೆ ಹೋಗಿ ಬೇಯಿಸಿದ ರಾಗಿಹಿಟ್ಟಿನ ಉಂಡೆಗಳನ್ನು ಗಾಳವಿಲ್ಲದೆ ಸುಮ್ಮನೆ ಎಸೆದು ಬರುತ್ತಿದ್ದೆವು, ರುಚಿ ಹತ್ತಲಿ ಅಂತ. ಚಪ್ಪರ ಹಾಕಿಸಬೇಕು, ಅಡಿಗೆಯವರಿಗೆ ಹೇಳಬೇಕು, ಅವ್ವನ ಕೈಲಿ ಬೈಸಿಕೊಳ್ಳಬೇಕು, ಇದರ ನಡುವೆ ಇದೊಂದು. ಹಸೆಮಣೆಯ ಮುಂದೆ ನಿಂತಾಗಲೂ ನನ್ನ ತಲೆಯಲ್ಲಿ ಮಡುವೇ ಇತ್ತು. ಧಾರೆಯ ಹೊತ್ತಿನಲ್ಲಿ ತಂಗಿ ತಲೆ ತಗ್ಗಿಸಿಕೊಂಡೇ ಓರೆಗಣ್ಣಲ್ಲಿ ನನ್ನನ್ನು ನೋಡಿದಳು. ಬೇರೆಯವರು ತವರಿನ ನೆನಪು ಅಂದುಕೊಂಡರು. ನನಗೆ ಗೊತ್ತಿತ್ತು, ಮೀನು ಸಿಕ್ಕಿತಾ ಅಂತ ಕೇಳುತ್ತಿದ್ದಾಳೆ.

ಸಿಕ್ಕಿರಲಿಲ್ಲ. ಮದುವೆಯ ಮರುದಿನವೂ ಸಿಗಲಿಲ್ಲ. ಉಂಡೆಯನ್ನು ಮೂಸಿ ನೋಡಿ ತಿರುಗಿ ಹೋಗುತ್ತಿದ್ದವು, ಹಾಳಾದವು, ಸಂತೆಯಲ್ಲಿ ಚೌಕಾಸಿ ಮಾಡುವವರ ಹಾಗೆ. ಬೀಗರೂಟದ ಹಿಂದಿನ ಸಂಜೆ ನಾನು ಬಂಡೆಯ ಹಿಂದೆ ಬೋರಲು ಮಲಗಿ ಬೀಡಿ ಹಚ್ಚಲು ಹೋದೆ. ಸಾವ್ಕಾರ ಕಣ್ಣಲ್ಲೇ ಗದರಿದ. ತೆಳ್ಳನೆಯ ದಾರ ಬದಲಾಯಿಸಿದ್ದ, ಉಂಡೆಯನ್ನು ಚಿಕ್ಕದು ಮಾಡಿದ್ದ. ಬಿಸಿಲು ಮಡುವಿನಿಂದ ಎದ್ದು ಆಚೆ ದಡದ ಹೊಂಗೆಮರದ ನೆತ್ತಿಗೆ ಹೋದಾಗ ದಾರ ಒಮ್ಮೆ ಮೆಲ್ಲಗೆ ಜಗ್ಗಿತು. ಅವನು ಅಲುಗಲಿಲ್ಲ. ಇನ್ನೊಮ್ಮೆ ಜಗ್ಗಿತು. ಆಮೇಲೆ ಕೋಲು ಬಿಲ್ಲಾಯಿತು.

ಅಬ್ಬಬ್ಬಾ! ಆ ತೆಳ್ಳನೆಯ ದಾರದಲ್ಲಿ ಅದನ್ನು ಅವನು ಹೇಗೆ ಹಿಡಿದಿಟ್ಟನೋ. ಬಿಡುತ್ತಾ, ಎಳೆಯುತ್ತಾ, ಬಂಡೆಯಿಂದ ಬಂಡೆಗೆ ಹಾರುತ್ತಾ, ಪಂಚೆ ಎತ್ತಿಕಟ್ಟಿಕೊಂಡು ಸೊಂಟದವರೆಗೆ ನೀರಿಗಿಳಿದು ಸೆಣಸಿದ. ಕತ್ತಲಾಗುವಷ್ಟರಲ್ಲಿ ಮೀನು ಮಗ್ಗುಲಾಗಿ ದಡಕ್ಕೆ ಬಂತು. ನನ್ನ ತೋಳಿಗಿಂತ ಉದ್ದ. ಕೋಲು ನನ್ನ ಕೈಗೆ ಕೊಟ್ಟು ದೂರ ಸರಿದ.

"ಬಾರಯ್ಯ, ಬಿಡಿಸು. ನೋವಾಗದ ಹಾಗೆ ಬಿಡಿಸು."

ದಪ್ಪ ತುಟಿಗೆ ಮೆತ್ತನೆಯ ಹತ್ತಿದಾರ ಪೋಣಿಸಿ ಮಡುವಿನ ನೆರಳಿನ ಜಾಗದಲ್ಲಿ ಗೂಟಕ್ಕೆ ಕಟ್ಟಿದೆ, ಕರು ಕಟ್ಟಿದಂತೆ. ಬೆಳಗ್ಗೆ ಬಂದಾಗ ಗಟ್ಟಿಯಾಗಿಯೇ ಇತ್ತು. ಬಾಲ ಬೀಸಿ ನನ್ನ ಮುಖಕ್ಕೆ ನೀರೆರಚಿತು.

ಹರಿಗೋಲು ನಮ್ಮಿಬ್ಬರದೇ. ಬಿದಿರಿನ ಹೆಣಿಗೆಗೆ ಗೊಬ್ಬರದ ಚೀಲ ಹೊದಿಸಿ ಡಾಂಬರು ಬಳಿದದ್ದು. ಮುಡುಕುತೊರೆ ಕಡೆಯವನೊಬ್ಬ ಹೆಣೆದುಕೊಟ್ಟಿದ್ದ. ಮೀನನ್ನು ಪಕ್ಕದಲ್ಲಿ ದಾರಕ್ಕೆ ಕಟ್ಟಿ ಈಜಿಸಿಕೊಂಡು ಹೋಗೋಣವೆಂದು ಮೊದಲು ನೋಡಿದೆವು. ಮೊದಲನೇ ಇಳಿಜಾರಿನಲ್ಲೇ ಬಂಡೆಗೆ ಬಡಿಯತೊಡಗಿತು. ಸರಿ, ಹರಿಗೋಲಿನೊಳಕ್ಕೇ ನೀರು ತುಂಬಿಸಿ ಅದರಲ್ಲಿ ಬಿಟ್ಟೆ. ಅಲ್ಲಿಂದ ಶುರುವಾಯಿತು ನಮ್ಮ ಪಾಡು. ನೀರು ಹೆಚ್ಚಾದರೆ ಹರಿಗೋಲು ಭಾರವಾಗಿ ಮರಳಿನ ಮೇಲೆ ಕುಂಡಿಯೂರುತ್ತದೆ. ನೀರು ಚೆಲ್ಲಿದರೆ ಹರಿಗೋಲು ತೇಲುತ್ತದೆ, ಮೀನು ಬಾಯಿ ಬಾಯಿ ಬಿಡುತ್ತದೆ. ಚೆಲ್ಲುವುದು, ನೂಕುವುದು, ಮತ್ತೆ ತುಂಬುವುದು.

"ಹಾಲಿಗೆ ನೀರು ಹಾಕಬೇಡಿ ಅಂತ ಊರೆಲ್ಲ ಕೂಗಾಡ್ತೀಯಲ್ಲ ಗೌಡ, ಈಗ ಹಾಕು, ನೋಡೋಣ ಎಷ್ಟು ಹಾಕ್ತೀಯೋ" ಅಂದ ಸಾವ್ಕಾರ, ತಂಬಿಗೆಯಲ್ಲಿ ನೀರು ಮೊಗೆಯುತ್ತಾ.

"ಮುಚ್ಕಂಡು ಮೊಗಿಯೋ!"

ನೀರಿದ್ದ ಕಡೆ ಅವನು ಹುಟ್ಟು ಹಾಕಿದ. ನೀರಿಲ್ಲದ ಕಡೆ ಇಬ್ಬರೂ ಇಳಿದು ನೂಕಿದೆವು. ಹರಿವು ಎಲ್ಲಿ ಆಳವಾಗಿದೆಯೆಂದು ನಾನು ಮುಂದೆ ನಡೆದು ಕಾಲಲ್ಲಿ ತಡಕಿ ದಾರಿ ಹೇಳುತ್ತಿದ್ದೆ. ತಳದಲ್ಲಿ ಕಲ್ಲು ಕೆರೆದ ಸದ್ದು ಬಂದಾಗಲೆಲ್ಲ ನನ್ನ ಹಲ್ಲು ಜುಂ ಅನ್ನುತ್ತಿತ್ತು. ಒಂದು ಕಡೆ ಚೀಲ ಹರಿದು ನೀರು ಜಿನುಗಿತು, ನನ್ನ ಟವೆಲ್ಲು ತುರುಕಿದೆ. ಬಿಸಿಲು ಏರುತ್ತಿತ್ತು. ಮಧ್ಯಾಹ್ನದ ಪಂಕ್ತಿ ಕೂರುವುದರೊಳಗೆ ಮೀನು ಅಡಿಗೆಯವರ ಕೈ ಸೇರಬೇಕಲ್ಲ.

ಆಮೇಲೆ ಹೊಳೆಯೇ ಮುಗಿದುಹೋಯಿತು. ನರಸೀಪುರ ಇನ್ನೇನು ಸ್ವಲ್ಪ ದೂರವಿದೆ ಅನ್ನುವಾಗ, ಮುಂದೆ ಕಣ್ಣಿಗೆ ಬಿದ್ದದ್ದು ದಡದಿಂದ ದಡಕ್ಕೆ ಬರೀ ಮರಳು. ನೀರು ಆ ಮರಳಿನ ಮೇಲೆ ತೆಳ್ಳಗೆ ಹರಡಿ, ಪಾದದ ಗಂಟೂ ಮುಳುಗದ ಹಾಗೆ ಹರಿಯುತ್ತಿತ್ತು. ಆಚೆ ತುದಿಯಲ್ಲಿ, ಒಂದು ದೊಡ್ಡ ಗದ್ದೆಯ ಉದ್ದ ದಾಟಿದ ಮೇಲೆ, ಮತ್ತೆ ಕಪ್ಪುನೀರಿನ ಮಡು. ಅದರಾಚೆ ಬೀಗರ ಊರಿನ ತೆಂಗಿನ ಮರಗಳು. ಹರಿಗೋಲನ್ನು ಖಾಲಿ ಮಾಡಿ ತಲೆಯ ಮೇಲೆ ಹೊತ್ತುಕೊಂಡು ಹೋಗದೆ ಬೇರೆ ದಾರಿಯಿರಲಿಲ್ಲ. ಹರಿಗೋಲು ಹೊತ್ತರೆ ಎರಡು ಕೈಯೂ ಅದಕ್ಕೇ ಬೇಕು. ಅದೂ ಹಳೆಯ ಡಾಂಬರಿನ ಭಾರ, ಅವನ ಸಣ್ಣ ಮೈಗೆ ಹೊರುವಂಥದ್ದಲ್ಲ.

ಹಾಗಾದರೆ ಮೀನು?

ಹರಿಗೋಲಿನೊಳಕ್ಕೆ ಬಗ್ಗಿ ನೋಡಿದೆ. ಮೀನು ಮಗ್ಗುಲಾಗಿ ಮತ್ತೆ ನೆಟ್ಟಗಾಯಿತು. ಎರಡು ಸಲ ಓಡಾಡಲು ಆಗುವುದಿಲ್ಲ. ಮೊದಲು ಹರಿಗೋಲು ಅಂದರೆ ಅಷ್ಟರಲ್ಲಿ ಇದು ಸಾಯುತ್ತದೆ. ಮೊದಲು ಮೀನು ಅಂದರೆ, ಸೋತುಹೋದ ಮೀನನ್ನು ಬಿಸಿನೀರಿನಂಥ ಮಡುವಿನಲ್ಲಿ ದಾರಕ್ಕೆ ಕಟ್ಟಿ ಬರುವುದು ನನಗೆ ಧೈರ್ಯವಾಗಲಿಲ್ಲ. ಅವನನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಎಲ್ಲದಕ್ಕೂ ಬರುವ ಬಾಯಿ ಅದಕ್ಕೆ ಬರಲಿಲ್ಲ.

"ಬುಟ್ಬುಡಾಣ ಕಣೋ" ಅಂದೆ. "ಇಲ್ಲೇ ನೀರಿಗೆ ಬುಟ್ಬುಡಾಣ. ಬದುಕಿದ್ರೆ ಬದುಕ್ಲಿ. ನಾನೇ ಓಗಿ ತಪ್ಪಾಯ್ತು ಅಂತೀನಿ. ಮಾತು ಓದ್ರೆ ಓಗ್ಲಿ."

"ಮಾತು ಆಡಿದೋನು ನೀನು. ಕೇಳಿಸಿಕೊಳ್ಳೋಳು ಅವಳು."

"ಇನ್ನೇನ್ ಮಾಡಾಣ ಹೇಳು ಮತ್ತೆ!"

ಅವನು ಎದೆಯ ಮೇಲಿದ್ದ ಲಿಂಗದ ಕರಡಿಗೆಯನ್ನು ಮೆಲ್ಲಗೆ ಬೆನ್ನಿನ ಕಡೆಗೆ ತಿರುಗಿಸಿಕೊಂಡ. ಉಟ್ಟಿದ್ದ ಬಿಳಿಯ ಪಂಚೆ ಬಿಚ್ಚಿ ನೀರಲ್ಲಿ ಅದ್ದಿ, ಎರಡು ಮಡಿಕೆ ಮಾಡಿ ತೋಳಿನ ಮೇಲೆ ಹಾಸಿಕೊಂಡ. ಪಟಾಪಟಿ ಚಡ್ಡಿಯಲ್ಲಿ ಹರಿಗೋಲಿನ ಪಕ್ಕ ಮಂಡಿಯೂರಿ ಕೂತ. ಒಂದು ಗಳಿಗೆ ಕಣ್ಣು ಮುಚ್ಚಿದ. ಆಮೇಲೆ ಎರಡೂ ಕೈಯನ್ನು ನೀರೊಳಗೆ ಇಳಿಸಿ ಮೀನಿನ ಹೊಟ್ಟೆಯ ಕೆಳಗೆ ಕೊಟ್ಟು, ಮಗುವನ್ನು ಎತ್ತಿದ ಹಾಗೆ ಎತ್ತಿದ. ಅವನ ಗಂಟಲಿನಿಂದ ವಾಕರಿಕೆಯ ಸದ್ದೊಂದು ಬಂತು. ಆದರೂ ಕೈ ಬಿಡಲಿಲ್ಲ.

"ಏನು ನೋಡ್ತಾ ನಿಂತಿದ್ದೀಯ? ಹೊರೋ!"

ಓಡಿದ. ಅಯ್ಯೋ, ಏನು ಓಟ ಅದು! ಮೀನು ಬಾಲದಿಂದ ಪಟಪಟ ಅವನ ಎದೆಗೆ, ಕೆನ್ನೆಗೆ ಬಾರಿಸುತ್ತಿತ್ತು. ನಡುನಡುವೆ ಕೂತು ಪಂಚೆಯ ಮೇಲೆ ನೀರು ಎರಚಿಕೊಂಡು, ಮತ್ತೆ ಎದ್ದು ಓಡುತ್ತಿದ್ದ. ಹರಿಗೋಲು ಹೊತ್ತು ಹಿಂದೆ ಓಡುತ್ತಿದ್ದ ನನಗೆ ಕಾಣುತ್ತಿದ್ದದ್ದು ಮರಳು, ಅವನ ಹೆಜ್ಜೆ, ಆ ಪಟಾಪಟಿ ಚಡ್ಡಿ, ಬೆನ್ನ ಮೇಲೆ ಕುಣಿಯುತ್ತಿದ್ದ ಕರಡಿಗೆ. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅವತ್ತು ಹರಿಗೋಲಿನ ಕತ್ತಲೆಯೊಳಗೆ ನನಗೆ ಅಳು ಬಂತು. ಅತ್ತೆ. ಯಾರೂ ನೋಡುವವರಿರಲಿಲ್ಲ.

ಮಡುವಿಗೆ ಬಂದು ಮೀನನ್ನು ನೀರಲ್ಲಿ ಹಿಡಿದು, ಹಿಂದಕ್ಕೂ ಮುಂದಕ್ಕೂ ಆಡಿಸುತ್ತಾ ಕೂತಿದ್ದ. ನಾನು ತೆಗೆದುಕೊಳ್ಳಲು ಕೈ ಚಾಚಿದೆ. "ನೀನು ಹುಟ್ಟು ಹಾಕು" ಅಂದ. ಉಳಿದ ದಾರಿಯುದ್ದಕ್ಕೂ ಹರಿಗೋಲಿನ ನೀರಿನಲ್ಲಿ ಕೂತು, ಅದರ ಬಾಯಿಗೆ ನೀರು ಹಾಯುವ ಹಾಗೆ ಅವನೇ ಹಿಡಿದುಕೊಂಡಿದ್ದ.

ಬೀಗರ ಊರಿನ ದಡದಲ್ಲಿ ಜನ ಸೇರಿದ್ದರು. ಮದುವೆಗೆ ಬಂದ ನೆಂಟರು, ಪಾತ್ರೆ ತೊಳೆಯಲು ಬಂದವರು, ಎಲ್ಲರ ಮುಂದೆ ಜರಿ ಶಲ್ಯ ಹೊದ್ದ ಬೀಗರು. ಹೆಂಗಸರ ಹಿಂದೆ ತಂಗಿ, ಅರಿಶಿನದ ಕೊಂಬು ಕಟ್ಟಿದ ಕೈಯಲ್ಲಿ ಸೆರಗು ಹಿಡಿದು ತುದಿಗಾಲಲ್ಲಿ ನಿಂತಿದ್ದಳು. ಮುಖ ಬಿಳುಚಿತ್ತು.

"ಉಸ್ರು ಅದಾ?" ಅಂತ ಬೀಗರು ದಡದಿಂದಲೇ ಕೂಗಿದರು.

ನಾನು ಬಾಯಿ ತೆರೆಯುವ ಮೊದಲೇ ಮೀನು ಬಾಲ ಎತ್ತಿ ರಪ್ಪೆಂದು ಬಡಿಯಿತು. ನೀರು ಚಿಮ್ಮಿ ಅವರ ಶಲ್ಯದ ಮೇಲೆ ಬಿತ್ತು. ಜನ ಹೋ ಎಂದರು. ನಾನು ತಂಗಿಯ ಕಡೆ ನೋಡಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು, ನಗುತ್ತಲೂ ಇದ್ದಳು.

ಬೀಗರು ಮಾತ್ರ ಮೀನನ್ನು ನೋಡುತ್ತಿರಲಿಲ್ಲ. ಮೈತುಂಬ ಮೀನಿನ ಪೊರೆ ಮೆತ್ತಿಕೊಂಡು, ಚಡ್ಡಿಯಲ್ಲಿ ನಿಂತಿದ್ದ ಸಾವ್ಕಾರನನ್ನು ನೋಡುತ್ತಿದ್ದರು. ಬೆನ್ನ ಮೇಲಿನ ಕರಡಿಗೆಯನ್ನೂ ನೋಡಿದರು.

"ಇವ್ರು ಲಿಂಗಾಯ್ತರಲ್ವಾ?"

"ಹೂಂ ಬೀಗ್ರೇ. ನನ್ನ ಸ್ನೇಹಿತ. ನಮ್ಮೂರ್ನಲ್ಲಿ ಮಿಷನ್ ಮಡಗವ್ನೆ."

"ಇದನ್ನ ಇವ್ರು ಕೈಲಿ ಹಿಡ್ಕಂಡ್ ಬಂದ್ರಾ?"

"ಎದೆಗ್ ಅಪ್ಪಿಕಂಡ್ ಬಂದ. ನಾನು ಬುಟ್ಬುಡಾಣ ಅಂದಿದ್ದೆ. ನಿಮ್ ಸೊಸೆ ಮಾತು ಕೇಳೋ ಹಾಗಾಗಬಾರ್ದು ಅಂತ ಇವನು ಬುಡ್ನಿಲ್ಲ."

ಬೀಗರ ಮೀಸೆ ಒಮ್ಮೆ ಅಲುಗಿತು. ಜರಿ ಶಲ್ಯ ತೆಗೆದು ಅವನ ಹೆಗಲಿಗೆ ತಾವೇ ಹೊದಿಸಿದರು. ಮನೆಯಿಂದ ಮದುವೆಗೆಂದು ತಂದಿದ್ದ ಹೊಸ ಪಂಚೆ ತರಿಸಿದರು. ಅಡಿಗೆಯವನು ಈಳಿಗೆಮಣೆ ಹಿಡಿದು ಬಂದಾಗ ಸಾವ್ಕಾರ ಹೊಳೆಯ ಕಡೆ ಮುಖ ಮಾಡಿ ನಿಂತ. ಮುಗಿಯುವವರೆಗೂ ತಿರುಗಲಿಲ್ಲ.

ಒಂದು ಮೀನು ಅಷ್ಟು ಜನಕ್ಕೆ ಎಲ್ಲಿ ಬರುತ್ತದೆ? ಹಿರಿಯರ ಎಲೆಗೆ ಒಂದೊಂದು ತುಂಡು, ಉಳಿದವರಿಗೆ ಸಾರು. ನಾನೂ ತಿಂದೆ. ಎರಡು ಸಲ ಹಾಕಿಸಿಕೊಂಡೆ, ಸುಳ್ಳು ಯಾಕೆ ಹೇಳಲಿ. ಆದರೆ ಪಂಕ್ತಿ ಕೂತು ಎಷ್ಟು ಹೊತ್ತಾದರೂ ಮೊದಲನೆಯ ಎಲೆ ಖಾಲಿಯಿತ್ತು. ಊಟಕ್ಕೆ ಕರೆದ ಮನೆಯ ಯಜಮಾನರೇ ಇಲ್ಲ. ನೋಡಿದರೆ ಆಚೆ ಹೊಂಗೆಮರದ ಕೆಳಗೆ ಕೂತಿದ್ದಾರೆ. ತಂಗಿ ಹೊಸ ಮಡಕೆಯಲ್ಲಿ, ಬೇರೆ ಒಲೆ ಹೂಡಿ, ಸಾವ್ಕಾರನಿಗೆಂದು ಅನ್ನ ಮಾಡಿದ್ದಳು. ಅವನ ಎಲೆಯ ಪಕ್ಕದಲ್ಲಿ ಇನ್ನೊಂದು ಎಲೆ. ಅಷ್ಟು ಬಾಡು ಬೇಯಿಸಿಟ್ಟುಕೊಂಡ ಮೀಸೆಯ ಮನುಷ್ಯ, ಮೊಸರನ್ನ ಕಲೆಸಿ ಮೊದಲ ತುತ್ತು ಎತ್ತುತ್ತಿದ್ದರು.

"ಇನ್ನೊಸಿ ಹಾಕವ್ವ" ಅಂದರು ಸೊಸೆಗೆ. "ನಿಮ್ಮಣ್ಣನ್ಗೂ ಹಾಕು."

ತಂಗಿ ನನ್ನ ಕಡೆ ತಿರುಗಿ ನೋಡಿದಳು. ನಾನು ಪಂಕ್ತಿಯಲ್ಲಿ ಮೀನು ತಿನ್ನುತ್ತಿದ್ದೆ. ಬೀಗರು ಹೇಳಿದ್ದು ನನ್ನನ್ನಲ್ಲ. ಅವಳು ನೇರವಾಗಿ ಸಾವ್ಕಾರನ ಎಲೆಗೆ ಬಡಿಸಿದಳು.

ಅವಳಿಗೆ ಆ ಮನೆಯಲ್ಲಿ ಬೇರೆ ಮಾತು ಎಷ್ಟು ಬಂದವೋ, ಮೀನಿನ ಮಾತು ಮಾತ್ರ ಒಂದು ದಿನವೂ ಬರಲಿಲ್ಲ.

ಮುಂದಿನ ಭಾನುವಾರ ಮತ್ತೆ ಹೊಳೆಗೆ ಹೋದೆವು. ನಾನು ಒಳಗೊಳಗೇ ಅಂದುಕೊಂಡಿದ್ದೆ, ಇನ್ನು ಇವನ ಮಡಿ ಮುಗಿಯಿತು, ಗಾಳವೂ ಅವನದೇ ಮೀನೂ ಅವನದೇ ಅಂತ. ಹೊತ್ತು ಇಳಿಯುವಾಗ ಅವನ ಗಾಳಕ್ಕೆ ಒಂದು ಗೇಣುದ್ದದ ಮೀನು ಬಿತ್ತು. ದಡಕ್ಕೆ ಎಳೆದ. ಕೋಲು ನನ್ನ ಕೈಗೆ ಕೊಟ್ಟು, ನಾಲ್ಕು ಮಾರು ದೂರ ಸರಿದು, ಮುಖ ಅತ್ತ ತಿರುಗಿಸಿ ನಿಂತುಕೊಂಡ.

"ಬಾರಯ್ಯ, ಬಿಡಿಸು."